ಉಪ್ಪಿನಕಾಯಿಯ ಸಾಕ್ಷಿ

ಮೈಕ್ರೋಬಯಾಲಜಿ ಪ್ರೊಫೆಸರೊಬ್ಬರು ಉಪ್ಪಿನಕಾಯಿಯನ್ನು ಸಾಕ್ಷಿಗೆ ಕರೆದು ವಿಜ್ಞಾನ ನಡೆಸುತ್ತಿದ್ದರು ಅಂದರೆ ನೀವು ನಂಬಲಿಕ್ಕಿಲ್ಲ. ಬಿಡಿ, ನಿಮ್ಮಿಷ್ಟ. ನಾನು ಅಂಥವರ ಕೈಕೆಳಗೇ ಪಿಎಚ್.ಡಿ. ಮಾಡಿದವಳು. ಅವರಿಂದ ಬೈಸಿಕೊಂಡು, ಅವರ ಬೀಳ್ಕೊಡುಗೆಗೆ ಚಂದಾ ಕೊಟ್ಟು, ಹೋದ ತಿಂಗಳು ಅವರ ವೈಕುಂಠ ಸಮಾರಾಧನೆಯ ಊಟವನ್ನೂ ಮುಗಿಸಿ ಬಂದೆ.

ಅಲ್ಲಿಂದ ಬಂದ ವಾರದಲ್ಲೇ ನಮ್ಮ ಬೊಂಬಾಯಿಯ ಸಯನ್ ಕಡೆಯ ಕನ್ನಡ ಸಂಘದ ಕಾರ್ಯದರ್ಶಿಗಳ ಫೋನು. "ಮೇಡಂ, ಸಂಚಿಕೆ ತರ್ತಾ ಇದೀವಿ. ಸರ್ ಬಗ್ಗೆ ನಾಲ್ಕು ಒಳ್ಳೇ ಮಾತು ಬರ್ಕೊಡಿ. ನೀವು ಅವರ ಶಿಷ್ಯೆ ಅಲ್ವಾ." ನಾನು ಪ್ರಾಮಾಣಿಕವಾಗಿ ಹುಡುಕಿದೆ. ಒಂದು ಸಿಕ್ಕಿತು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಸಿಟ್ಟಿನಲ್ಲಿ ಮರೆತುಹೋದೀತು.

ಸರ್ ಪ್ಲೇಟಿನ ಮೇಲೆ ಬ್ಯಾಕ್ಟೀರಿಯಾ ಗೀಟು ಎಳೆಯುವುದನ್ನು ನೋಡಬೇಕಿತ್ತು. ತಂತಿಯ ತುದಿಯ ಸಣ್ಣ ಬಳೆಯನ್ನು ಬರ್ನರಿನಲ್ಲಿ ಕೆಂಪಗೆ ಕಾಯಿಸಿ, ಆರಿಸಿ, ಪ್ಲೇಟಿನಲ್ಲಿ ಹೆಪ್ಪುಗಟ್ಟಿದ ಅಗಾರಿನ ಮೇಲೆ ಒಂದು ಚೂರೂ ಗಾಯವಾಗದ ಹಾಗೆ ಅಡ್ಡಡ್ಡ ಎಳೆಯುತ್ತಿದ್ದರು. ನಮ್ಮ ಅಜ್ಜಿ ಹೊಸಿಲಿಗೆ ರಂಗೋಲಿ ಎಳೆದ ಹಾಗೆ, ಕೈ ನಡುಗುತ್ತಿರಲಿಲ್ಲ, ನಿಲ್ಲುತ್ತಿರಲಿಲ್ಲ. ಮಾರನೇ ದಿನ ನೋಡಿದರೆ ಬ್ಯಾಕ್ಟೀರಿಯಾದ ಚುಕ್ಕೆಗಳು, ನಮ್ಮ ಭಾಷೆಯಲ್ಲಿ ಕಾಲೊನಿಗಳು, ಒಂದಕ್ಕೊಂದು ತಾಗದೆ ಬಿಡಿಬಿಡಿಯಾಗಿ ಮೂಡಿರುತ್ತಿದ್ದವು. ನನಗೆ ಆ ಕೈಚಳಕ ಬಂದದ್ದು ಅವರಿಂದಲೇ. ಆಯಿತು, ಒಳ್ಳೆಯ ಮಾತು ಮುಗಿಯಿತು.

ಹಳೇ ಮೈಸೂರಿನ ಕಡೆಯವರು. ಬಿಸ್ಕತ್ತಿನ ಬಣ್ಣದ ಸಫಾರಿ ಸೂಟು, ಎದೆಯ ಜೇಬಿನಲ್ಲಿ ಬಾಚಣಿಗೆ. ಉತ್ತರ ಗೊತ್ತಿಲ್ಲದ ಪ್ರಶ್ನೆ ಕೇಳಿದರೆ ಬಾಚಣಿಗೆ ಹೊರಗೆ ಬರುತ್ತಿತ್ತು. ತಲೆ ಬಾಚಿ ಮುಗಿಯುವುದರೊಳಗೆ ಪ್ರಶ್ನೆ ಕೇಳಿದವರಿಗೇ ನಾಚಿಕೆಯಾಗಿ ಸುಮ್ಮನಾಗಬೇಕು. ಅವರ ಮನೆ ಸಯನ್‌ನಲ್ಲಿ, ನಮ್ಮ ಬಿಲ್ಡಿಂಗಿನ ಪಕ್ಕದ ಬಿಲ್ಡಿಂಗು. ಲ್ಯಾಬು ವಿಲೆ ಪಾರ್ಲೆಯ ಒಂದು ಕಾಲೇಜಿನ ಮೇಲಿನ ಮಹಡಿಯಲ್ಲಿ. ಅಂದರೆ ಬೆಳಿಗ್ಗೆ ಸಯನ್‌ನಿಂದ ದಾದರ್‌ವರೆಗೆ, ಅಲ್ಲಿ ಸೇತುವೆ ಹತ್ತಿ ಇಳಿದು ಪಾರ್ಲೆಯವರೆಗೆ, ಇಬ್ಬರಿಗೂ ಅದೇ ಲೋಕಲ್ಲುಗಳು. ಲೇಡೀಸ್ ಡಬ್ಬಿ ಕಂಡುಹಿಡಿದ ಪುಣ್ಯಾತ್ಮನಿಗೆ ನಾನು ದಿನಾ ಕೈ ಮುಗಿಯುತ್ತಿದ್ದೆ.

ಲ್ಯಾಬಿನಲ್ಲಿ ಆಯುಧಪೂಜೆಗೆ ಮೈಕ್ರೋಸ್ಕೋಪಿಗೆ ಕುಂಕುಮ ಹಚ್ಚುವುದಿತ್ತು. ಹಚ್ಚಲಿ, ಬೇಡ ಅಂದವರು ಯಾರು? ಆದರೆ ಲೆನ್ಸಿನ ಸುತ್ತ ಹಚ್ಚಿದರೆ? ಡಿಸೆಂಬರಿನವರೆಗೂ ನಾವು ನೋಡಿದ ಬ್ಯಾಕ್ಟೀರಿಯಾಗಳೆಲ್ಲ ಮುತ್ತೈದೆಯರು. ಒರೆಸೋಣ ಅಂದರೆ, "ತಾಯಿ ಸರಸ್ವತಿ ಕಣಮ್ಮ ಅದು, ಒರೆಸ್ತೀಯಾ?"

ಕಾಲೇಜಿನೆದುರಿನ ಹೋಟೆಲಿನಲ್ಲಿ ಬೈಟು ಕಾಫಿ ತರಿಸುವರು. ಬೊಂಬಾಯಿಯವರಿಗೆ ಕಟಿಂಗ್ ಚಾ ಹೇಗೋ ನಮ್ಮ ಬೆಂಗಳೂರು ಮೈಸೂರಿನವರಿಗೆ ಬೈಟು ಹಾಗೆ, ಒಂದು ಕಾಫಿ ಎರಡು ಲೋಟಕ್ಕೆ. ಸುರಿಯುವುದು ಮಾತ್ರ ಸರ್ ಅವರೇ. "ಸಮಪಾಲು ಕಣಮ್ಮ" ಅನ್ನುತ್ತಾ ಸುರಿಯುವರು. ನನ್ನ ಲೋಟದಲ್ಲಿ ಯಾವತ್ತೂ ತಳದ ಗಸಿ, ಅವರ ಲೋಟದಲ್ಲಿ ನೊರೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಬ್ಯಾಕ್ಟೀರಿಯಾವನ್ನು ಒಂದು ಟ್ಯೂಬಿನಿಂದ ಇನ್ನೊಂದಕ್ಕೆ ಹಾಕುವುದಕ್ಕೆ ಗಾಜಿನ ಬಾಗಿಲಿನ, ಫ್ಯಾನಿಲ್ಲದ ಒಂದು ಕೋಣೆ ಇರುತ್ತದೆ. ಟ್ಯೂಬಿನಲ್ಲಿ ಬೆಳೆಸಿದ ಬ್ಯಾಕ್ಟೀರಿಯಾಕ್ಕೆ ನಾವು ಕಲ್ಚರ್ ಅನ್ನುತ್ತಿದ್ದೆವು, ಆ ಕೋಣೆಗೆ ಕಲ್ಚರ್ ರೂಮು. ಬೆಳಿಗ್ಗೆ ಲ್ಯಾಬಿನ ಹುಡುಗಿಯರು ಅದರೊಳಗೆ ಕಾಲಿಡುವ ಮೊದಲು ಸರ್ ಎಲ್ಲರ ಮುಂದೆ ಕೇಳುವರು:

"ಏನಮ್ಮ, ಇವತ್ತು ಒಳಗೋ ಹೊರಗೋ?"

ಅರ್ಥವಾಯಿತಲ್ಲ? ಮುಟ್ಟಾಗಿದ್ದರೆ 'ಹೊರಗೆ' ಅನ್ನಬೇಕು. ಮೂರು ದಿನ ಕಲ್ಚರ್ ರೂಮಿಗೆ ಹೋಗುವ ಹಾಗಿಲ್ಲ, ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಕೂತು ಬೇರೆಯವರು ಮಾಡಿಕೊಟ್ಟ ಸ್ಲೈಡು ನೋಡಬೇಕು. ಇದು ಯಾವುದೋ ಅಗ್ರಹಾರದ ಮಾತಲ್ಲ, ಎಂಬತ್ತರ ದಶಕದ ಬೊಂಬಾಯಿಯ ಮಾತು. ನಾನು ಮೊದಲ ಸಲ ಕೇಳಿದಾಗ ತಮಾಷೆ ಮಾಡುತ್ತಿದ್ದಾರೆ ಅಂತ ನಕ್ಕುಬಿಟ್ಟೆ. ಅವರು ನಗಲಿಲ್ಲ. ಊಟದ ಹೊತ್ತಿಗೆ ಡಬ್ಬಿ ಬಿಚ್ಚಿ, ಮೊಸರನ್ನದ ಮೇಲಿದ್ದ ಮಾವಿನಕಾಯಿ ಹೋಳನ್ನು ಎತ್ತಿ ತೋರಿಸಿದರು.

"ಇದು ಎರಡು ವರ್ಷದ್ದು. ಒಂದು ಚೂರು ಬೂಷ್ಟು ಹಿಡಿದಿದ್ಯಾ ನೋಡು. ಯಾಕೆ ಹೇಳು? ನಮ್ಮನೇಲಿ ಮಡೀಲಿ ಹಾಕ್ತಾಳೆ. ಆ ದಿನ ಜಾಡಿ ಮುಟ್ಟೋದಿರಲಿ, ನನ್ನ ಹೆಂಡ್ತಿ ಅಡುಗೆಮನೆ ಹೊಸಿಲು ಕೂಡ ದಾಟಲ್ಲ. ಉಪ್ಪಿನಕಾಯಿ ಕೆಡತ್ತೆ ಅಂದ್ಮೇಲೆ ಕಲ್ಚರ್ ಕೆಡಲ್ವಾ? ಇದು ಮೂಢನಂಬಿಕೆ ಅಲ್ಲ ಕಣಮ್ಮ. ಅಬ್ಸರ್ವೇಶನ್!"

ನಮ್ಮ ಅಮ್ಮ ಬೆಂಗಳೂರು ಬಿಟ್ಟು ಬೊಂಬಾಯಿಗೆ ಬಂದ ತಿಂಗಳೇ ಆ ಸಂಪ್ರದಾಯಕ್ಕೆ ಎಳ್ಳುನೀರು ಬಿಟ್ಟಿದ್ದಳು. "ಒಂದು ರೂಮು, ಒಂದು ಕಿಚನ್ನು. ಹೊರಗೆ ಅಂದ್ರೆ ಎಲ್ಲಿ ಕೂರ್ಲಿ, ಸಯನ್ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಾ?" ಅಂತ ಅಪ್ಪನನ್ನು ಕೇಳಿದ್ದಳಂತೆ. ಅಂಥವಳ ಮಗಳು ನಾನು, ಎಂ.ಎಸ್ಸಿ. ಮುಗಿಸಿ ಇಲ್ಲಿ ಬಂದು ಹೊರಗೆ ಕೂತೆ.

ನನ್ನ ಜೊತೆಗಿದ್ದ ಶುಭದಾ ಅನ್ನುವ ಮರಾಠಿ ಹುಡುಗಿ ಬುದ್ಧಿವಂತೆ. ವರ್ಷದ ಮುನ್ನೂರರವತ್ತೈದು ದಿನವೂ "ಒಳಗೆ ಸರ್" ಅನ್ನುತ್ತಿದ್ದಳು. ಅವಳಿಗೆ ಬರುತ್ತಿದ್ದ ಕನ್ನಡ ಅಷ್ಟೇ. "ಅಗಂ ನಳಿನಿ, ಖೋಟಂ ಬೋಲ್ ನಾ, ತುಝಂ ಕಾಯ್ ಜಾತಂಯ್?" ನಿನ್ನ ಗಂಟೇನು ಹೋಗುತ್ತೆ ಅಂತ ನನಗೂ ಸುಳ್ಳು ಹೇಳಲು ಕಲಿಸುತ್ತಿದ್ದಳು. ನನಗೆ ಹಟ. ಸುಳ್ಳು ಹೇಳಿ ಒಳಗೆ ಹೋದರೂ ಆ ಮನುಷ್ಯನ ಕಾನೂನನ್ನು ಒಪ್ಪಿಕೊಂಡ ಹಾಗೇ ಅಲ್ಲವೇ? ಅದಕ್ಕೆ ನಾನು 'ಹೊರಗೆ' ಅಂತ ಕಾರಿಡಾರಿಗೆ ಕೇಳುವಷ್ಟು ಜೋರಾಗಿ ಹೇಳಿ, ಸ್ಟೂಲಿನ ಮೇಲೆ ಕೂತು ಮೈಕ್ರೋಸ್ಕೋಪಿನಲ್ಲಿ ಕಣ್ಣಿಡುತ್ತಿದ್ದೆ.

ನನ್ನ ಸಂಶೋಧನೆಯ ವಿಷಯ ಕೇಳುವುದಕ್ಕೆ ಸುಲಭ. ನಮ್ಮ ಕರುಳಿನಲ್ಲಿರುವ ಕೋಲಿನಂಥ ಬ್ಯಾಕ್ಟೀರಿಯಾ ಬೆಳೆದು ಉದ್ದವಾಗುತ್ತದೆ, ಆಮೇಲೆ ನಟ್ಟನಡುವೆ ಕತ್ತರಿಸಿಕೊಂಡು ಎರಡಾಗುತ್ತದೆ. ಎರಡೂ ಸಮ. ಕಣ್ಣಿಲ್ಲ, ಅಳತೆಪಟ್ಟಿಯಿಲ್ಲ, ನಡು ಎಲ್ಲಿ ಅಂತ ಅದಕ್ಕೆ ತಿಳಿಯುವುದು ಹೇಗೆ? ಸರ್ ಹತ್ತಿರ ಉತ್ತರ ಸಿದ್ಧವಿತ್ತು. "ಮಧ್ಯ ಎಲ್ಲಿ ಅಂತ ಅದಕ್ಕೆ ಗೊತ್ತಿರತ್ತೆ. ಸೃಷ್ಟಿನಿಯಮ." ಒಂದು ಕಾಫಿಯನ್ನು ಎರಡು ಮಾಡಲು ಬಾರದ ಮನುಷ್ಯ!

ಒಂದು ಯಂತ್ರ ಹೇಗೆ ನಡೆಯುತ್ತದೆ ಅಂತ ತಿಳಿಯಬೇಕಾದರೆ ಕೆಟ್ಟ ಯಂತ್ರವನ್ನು ನೋಡಬೇಕು. ಹಾಗಾಗಿ ನಾನು ಬ್ಯಾಕ್ಟೀರಿಯಾವನ್ನು ಅಲ್ಟ್ರಾವಯಲೆಟ್ ದೀಪದ ಕೆಳಗೆ ಹಿಡಿದು, ಬದುಕಿ ಉಳಿದವುಗಳಲ್ಲಿ ಎರಡಾಗುವುದನ್ನು ತಪ್ಪಿದವು ಇವೆಯೇ ಅಂತ ಹುಡುಕುತ್ತಿದ್ದೆ. ಒಂದು ದಿನ, ಹೊರಗಿನ ಸ್ಟೂಲಿನ ಮೇಲೆ ಕೂತಿದ್ದಾಗಲೇ, ಸಿಕ್ಕಿತು. ಒಂದು ತಳಿಯಲ್ಲಿ, ನಾವು ಸ್ಟ್ರೇನು ಅನ್ನುವುದರಲ್ಲಿ, ಕೆಲವು ಕೋಲುಗಳು ಶಾವಿಗೆಯಂತೆ ಉದ್ದ. ಅವುಗಳ ಮಧ್ಯೆ ಪುಟ್ಟ ಪುಟ್ಟ ಗುಂಡುಗಳು. ನೋಡುತ್ತಾ ಹೋದರೆ ಒಂದು ಕೋಲಿನ ತುದಿಯಲ್ಲೇ ಒಂದು ಗುಂಡು ಇನ್ನೇನು ಕಳಚಿಕೊಳ್ಳುವ ಹಾಗೆ ನಿಂತಿದೆ. ನಡುವಿನಲ್ಲಿ ಎರಡಾಗಬೇಕಾದದ್ದು ತುದಿಯಲ್ಲಿ ಎರಡಾಗುತ್ತಿತ್ತು! ಓಡಿಹೋಗಿ ಸರ್ ಅವರನ್ನು ಕರೆದುಕೊಂಡು ಬಂದೆ.

ಅವರು ಕೂರಲೂ ಇಲ್ಲ. ಬಗ್ಗಿ, ಒಂದು ಕಣ್ಣು ಮುಚ್ಚಿ, ನೋಡಿದ ಹಾಗೆ ಮಾಡಿದರು.

"ಕಾಂಟ್ಯಾಮಿನೇಶನ್. ಹೊರಗಿನ ಯಾವುದೋ ಗುಂಡು ಬ್ಯಾಕ್ಟೀರಿಯಾ ಸೇರಿದೆ. ಇವತ್ತು ನೀನು ಹೊರಗೆ ತಾನೆ?"

"ಹೌದು ಸರ್."

"ಮತ್ತೆ!"

"ಕಲ್ಚರು ನಾನು ಮುಟ್ಟೇ ಇಲ್ಲ ಸರ್. ಶುಭದಾ ಹಾಕಿದ್ದು."

"ಗಾಳೀಲೂ ಬರತ್ತಮ್ಮ," ಅಂದು ಹೊರಟುಹೋದರು.

ಮುಂದಿನ ತಿಂಗಳು ಸ್ಟೂಲಿನ ಮೇಲೆ ಕೂತೆ, ಮತ್ತೆ ಗುಂಡು ಕಂಡವು. ಅದರ ಮುಂದಿನ ತಿಂಗಳೂ ಅಷ್ಟೇ. ಸರ್ ಮುಖದಲ್ಲಿ ಗೆದ್ದ ಕಳೆ. "ನೋಡಿದ್ಯಾ? ಕರೆಕ್ಟಾಗಿ ನಿನ್ನ ಹೊರಗಿನ ದಿನಕ್ಕೇ ಬರತ್ತೆ. ಇದಕ್ಕಿಂತ ಪ್ರೂಫ್ ಬೇಕಾ?"

ಅಯ್ಯೋ ದೇವರೇ! ಹೊರಗಿನ ದಿನಕ್ಕೇ ಬರುತ್ತಿತ್ತು, ನಿಜ. ಯಾಕೆಂದರೆ ಹೊರಗಿನ ದಿನ ಮಾತ್ರ ನಾನು ಮೈಕ್ರೋಸ್ಕೋಪಿನ ಮುಂದೆ ಕೂತಿರುತ್ತಿದ್ದೆ! ಉಳಿದ ದಿನ ಒಳಗೆ ಟ್ಯೂಬು ಹಿಡಿದು ಬೆವರು ಸುರಿಸುತ್ತಿದ್ದೆ, ಆ ತಳಿಯನ್ನು ನೋಡುವವರೇ ಇರಲಿಲ್ಲ. ನನ್ನನ್ನು ಹೊರಗೆ ಕೂರಿಸಿದವರೂ ಇವರೇ, ಹೊರಗೆ ಕೂತಾಗ ಕಂಡಿತು ಅಂತ ತಪ್ಪು ಹೊರಿಸಿದವರೂ ಇವರೇ.

ಊಟದ ಹೊತ್ತಿನಲ್ಲಿ, 'ಒಳಗಿನ' ದಿನಗಳಲ್ಲೂ, ಸ್ಲೈಡು ಮಾಡಿ ನೋಡಿದೆ. ಗುಂಡು ಇದ್ದೇ ಇದ್ದವು. ತೋರಿಸಿದರೆ, "ಹೋದ ಸಲದ್ದು ಉಳ್ಕೊಂಡಿದೆ." ಸರಿ. ಕಲ್ಚರನ್ನು ತಿರುಗಣೆ ಯಂತ್ರದಲ್ಲಿಟ್ಟು ಕಡಿಮೆ ವೇಗದಲ್ಲಿ ತಿರುಗಿಸಿದೆ. ಭಾರದ ಕೋಲುಗಳು ತಳಕ್ಕಿಳಿದವು, ಹಗುರದ ಗುಂಡುಗಳು ಮೇಲುಳಿದವು. ಆ ಗುಂಡುಗಳನ್ನು ಒಳ್ಳೆಯ ಪ್ಲೇಟಿನ ಮೇಲೆ ಹಾಕಿದೆ. ಹೊರಗಿನ ಬ್ಯಾಕ್ಟೀರಿಯಾ ಆಗಿದ್ದರೆ ಬೆಳೆಯಲೇಬೇಕು. ತಪ್ಪಿ ಉಳಿದ ಕೋಲುಗಳದ್ದು ನಾಲ್ಕಾರು ಕಾಲೊನಿ ಬಂತು, ಗುಂಡಿನದ್ದು ಒಂದೂ ಬರಲಿಲ್ಲ. ಕಾರಣ, ಅವು ಖಾಲಿ ಸಂಚಿಗಳು. ತಪ್ಪು ಜಾಗದಲ್ಲಿ ಕತ್ತರಿಸಿದ್ದರಿಂದ ವಂಶವಾಹಿಯೆಲ್ಲ ಕೋಲಿನಲ್ಲೇ ಉಳಿದು, ಗುಂಡಿಗೆ ಏನೂ ಸಿಕ್ಕಿಲ್ಲ. ನನ್ನ ಬೈಟು ಕಾಫಿಯ ಹಾಗೆ.

ಲೈಬ್ರರಿಯಲ್ಲಿ ಬೈಂಡು ಮಾಡಿದ ಹಳೆಯ ಜರ್ನಲ್ಲು ಹುಡುಕಿದರೆ ಇಂಥದೇ ತಳಿಯ ಫೋಟೋ! ಹೊರದೇಶದವರು ಅದನ್ನು ಆಗಲೇ ಕಂಡು ಬರೆದಿದ್ದರು. ಆ ದಪ್ಪ ಪುಸ್ತಕವನ್ನು ಎದೆಗವಚಿಕೊಂಡು ಮೆಟ್ಟಿಲು ಹತ್ತಿ ಬಂದು ಸರ್ ಮೇಜಿನ ಮೇಲಿಟ್ಟೆ. ಬಾಚಣಿಗೆ ಹೊರಬಂತು. ತಲೆ ಬಾಚಿ ಮುಗಿಸಿ ಅಂದರು:

"ಅದು ಅವರ ಸ್ಟ್ರೇನು. ನಿಂದು ಕೊಳೆ."

"ಹಾಗಾದರೆ ನೀವೇ ಹಾಕಿ ನೋಡಿ ಸರ್. ಮೀಡಿಯಂ ನೀವೇ ಮಾಡಿ, ಪ್ಲೇಟು ನೀವೇ ಸುರೀರಿ. ನಾನು ಆ ರೂಮಿನ ಕಡೆ ತಲೆ ಹಾಕಿ ಕೂಡ ಮಲಗಲ್ಲ," ಅಂದೆ. ಲ್ಯಾಬಿನವರೆಲ್ಲ ಕೇಳುತ್ತಿದ್ದರು, ಬೇಡ ಅನ್ನಲು ಅವರಿಗೂ ಆಗಲಿಲ್ಲ.

ಹಣೆಗೆ ಗಂಧವಿಟ್ಟು, ಇಸ್ತ್ರಿ ಮುರಿಯದ ಸಫಾರಿಯಲ್ಲಿ ಬಂದರು. ಬ್ಯಾಕ್ಟೀರಿಯಾದ ಆಹಾರದಿಂದ ಹಿಡಿದು ಎಲ್ಲ ತಾವೇ ಮಾಡಿದರು. ಒಂದೇ ಕಾಲೊನಿ ಎತ್ತಿ ಆ ತಮ್ಮ ಸುಂದರ ಗೀಟುಗಳನ್ನು ಎಳೆದರು. ಮಾರನೇ ದಿನ ಬೆಳೆದದ್ದನ್ನು ಸ್ಲೈಡಿಗೆ ಹಾಕಿ, ನಾನು ಕಂಡ ಹಾಗೆ ಮೊದಲ ಸಲ, ಆ ಹೊರಗಿನ ಸ್ಟೂಲಿನ ಮೇಲೆ ಕೂತರು. ಎರಡೂ ಕಣ್ಣು ಇಟ್ಟು ನೋಡಿದರು. ಬಹಳ ಹೊತ್ತು ಏಳಲಿಲ್ಲ. ಶುಭದಾ ಸೆರಗು ಬಾಯಿಗೆ ತುರುಕಿಕೊಂಡು ಹೊರಗೆ ಓಡಿದಳು.

ನಾನು ಕಾಯುತ್ತಿದ್ದೆ. 'ಹೌದಮ್ಮ' ಅನ್ನುವ ಒಂದು ಮಾತು ಸಾಕಿತ್ತು. ಆ ತಳಿ ನನ್ನ ಪಿಎಚ್.ಡಿ. ಆಗುತ್ತಿತ್ತು, ನನ್ನ ಮುಂದಿನ ಬದುಕೇ ಆಗುತ್ತಿತ್ತು. ಗುಂಡುಗಳಿವೆ ಅಂತ ಜಗತ್ತಿಗೆ ಗೊತ್ತಿತ್ತು, ಆದರೆ ಯಾಕೆ ಅಂತ ಆಗಿನ್ನೂ ಯಾರೂ ಪೂರಾ ಹೇಳಿರಲಿಲ್ಲ. ಆ ಉತ್ತರದ ಬಾಗಿಲಿನ ಮುಂದೆ ನಾನೂ ಹೋಗಿ ನಿಲ್ಲುತ್ತಿದ್ದೆ.

ಸರ್ ಎದ್ದರು. ಕನ್ನಡಕ ಒರೆಸಿಕೊಂಡರು.

"ಈ ಸ್ಟ್ರೇನೇ ದರಿದ್ರ. ಲ್ಯಾಬಿಗೇ ಒಳ್ಳೇದಲ್ಲ. ಆಟೋಕ್ಲೇವ್ ಮಾಡಿಸು."

ಆಟೋಕ್ಲೇವ್ ಅಂದರೆ ದೊಡ್ಡ ಪ್ರೆಶರ್ ಕುಕ್ಕರು, ಒಳಗೆ ಹೋದದ್ದು ಬದುಕಿ ಬರುವುದಿಲ್ಲ. ಫ್ರಿಜ್ಜಿನ ಕೀಲಿ ಅವರ ಹತ್ತಿರವೇ ಇರುತ್ತಿತ್ತು. ಆ ತಳಿಯ ಒಂದೊಂದು ಟ್ಯೂಬನ್ನೂ ತಾವೇ ತೆಗೆದು ಬುಟ್ಟಿಗೆ ಹಾಕಿಸಿ, ಹಬೆ ಏಳುವವರೆಗೂ ಪಕ್ಕದಲ್ಲೇ ನಿಂತಿದ್ದರು. ತಪ್ಪು ಅಂತ ಗೊತ್ತಿಲ್ಲದೆ ಕೊಂದಿದ್ದರೆ ದಡ್ಡ ಅನ್ನಬಹುದಿತ್ತು. ಕಣ್ಣಾರೆ ಕಂಡ ಮೇಲೆ ಕೊಂದರು. ಆವತ್ತು ಸಂಜೆ ಲೇಡೀಸ್ ಡಬ್ಬಿಯಲ್ಲಿ ನಾನು ಬಿಕ್ಕಿ ಬಿಕ್ಕಿ ಅತ್ತೆ. ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದ ಯಾರೋ ಹೆಂಗಸು, "ಸಾಸೂ ಕಾ?" ಅಂತ ಕೇಳಿದಳು. ಅತ್ತೆಯ ಕಾಟವೇ ಅಂತ. ಹೂಂ ಅಂದೆ.

ಆಮೇಲೆ ನನಗೆ ಹೊಸ ವಿಷಯ ಕೊಟ್ಟರು: ಉಡುಪಿ ಹೋಟೆಲುಗಳ ತೆಂಗಿನಕಾಯಿ ಚಟ್ನಿ ಎಷ್ಟು ಹೊತ್ತಿಗೆ ಹಳಸುತ್ತದೆ. ಬಾಟಲಿ ಹಿಡಿದು ಗ್ರಾಂಟ್ ರೋಡಿನ ಹೋಟೆಲು ಹೋಟೆಲು ಅಲೆದೆ. ಗಲ್ಲಾದಲ್ಲಿ ಕೂತ ಶೆಟ್ಟರೊಬ್ಬರು, "ಎಂತದು ಮಾರಾಯ್ರೆ, ಚಟ್ನಿಗೂ ಡಾಕ್ಟ್ರು ಬೇಕಾ? ಅದು ಹಳಸ್ಲಿಕ್ಕೆ ಉಳಿದ್ರೆ ಅಲ್ವಾ?" ಅಂತ ನಕ್ಕು, ಬಾಟಲಿ ತುಂಬಿಸಿ, ಜೊತೆಗೆ ಬಿಸಿ ಇಡ್ಲಿಯನ್ನೂ ಕೊಟ್ಟರು. ನಾನು ಚಟ್ನಿಯಲ್ಲಿ ಡಾಕ್ಟರಾದೆ. ಸಯನ್‌ನ ಒಂದು ಕಾಲೇಜಿನಲ್ಲಿ ಪಾಠ ಹೇಳುವ ಕೆಲಸವೂ ಸಿಕ್ಕಿತು. ಹೊಟ್ಟೆಗೇನೂ ಕಡಿಮೆಯಾಗಲಿಲ್ಲ, ನಿಜ.

ಕೆಲವು ವರ್ಷಗಳ ಮೇಲೆ, ತಿಂಗಳುಗಟ್ಟಲೆ ತಡವಾಗಿ ಹಡಗಿನಲ್ಲಿ ಬರುವ ಜರ್ನಲ್ಲುಗಳಲ್ಲಿ, ಉತ್ತರ ಬರತೊಡಗಿತು. ಓದಿ ದಂಗಾದೆ. ಎರಡು ಪ್ರೋಟೀನುಗಳು ಸೇರಿ ಎಲ್ಲ ಕಡೆಯೂ 'ಇಲ್ಲಿ ಕತ್ತರಿಸಬೇಡ' ಅಂತ ತಡೆಯುತ್ತವಂತೆ. ಮೂರನೆಯದೊಂದು ಪ್ರೋಟೀನು ನಡುವಿನಲ್ಲಿ ಮಾತ್ರ ಆ ತಡೆಯನ್ನು ತೆಗೆಯುತ್ತದಂತೆ. ತಡೆ ಇಲ್ಲದ ಆ ಜಾಗದಲ್ಲಿ ಇನ್ನೊಂದು ಪ್ರೋಟೀನು ಉಂಗುರದ ಹಾಗೆ ಕೂಡಿಕೊಂಡು ಬ್ಯಾಕ್ಟೀರಿಯಾವನ್ನು ಎರಡಾಗಿಸುತ್ತದೆ. ತಡೆಯುವವು ಕೆಟ್ಟರೆ ತುದಿಯಲ್ಲೂ ಕತ್ತರಿಸುತ್ತದೆ, ನನ್ನ ಗುಂಡುಗಳು ಹುಟ್ಟುತ್ತವೆ. ಯಾವ ಪ್ರೋಟೀನು ಎಲ್ಲಿ, ಎಷ್ಟು ಅನ್ನುವ ಹಂಚಿಕೆಯಲ್ಲೇ ಗುಟ್ಟೆಲ್ಲ ಇದೆ. ನಡು ಎಲ್ಲಿ ಅಂತ ಯಾರಿಗೂ ಹುಟ್ಟಿನಿಂದ ಗೊತ್ತಿರುವುದಿಲ್ಲ.

ಸರ್ ನಿವೃತ್ತಿಯ ಸಮಾರಂಭದಲ್ಲಿ, ಶಾಲು ಹೊದ್ದುಕೊಂಡು, ಮೈಕಿನ ಮುಂದೆ ಏನಂದರು ಗೊತ್ತೇ? "ಈಗ ಫಾರಿನ್‌ನಲ್ಲಿ ದೊಡ್ಡದಾಗಿ ಹೇಳ್ತಾ ಇರೋ ಈ ತುದಿ ವಿಭಜನೆಯನ್ನ ನಮ್ಮ ಲ್ಯಾಬಲ್ಲಿ ಆವಾಗಲೇ ಗಮನಿಸಿದ್ವಿ. ಸೌಕರ್ಯ ಇರಲಿಲ್ಲ, ಏನ್ಮಾಡೋದು." ಜನ ಚಪ್ಪಾಳೆ ತಟ್ಟಿದರು. ಥೂ! ಸೌಕರ್ಯವಂತೆ. ಕುಕ್ಕರಿನ ಸೌಕರ್ಯ ಚೆನ್ನಾಗಿಯೇ ಇತ್ತಲ್ಲ.

ನಿವೃತ್ತಿಯಾದ ಮೇಲೆ ಹೆಚ್ಚು ದಿನ ಉಳಿಯಲಿಲ್ಲ, ಹೃದಯಾಘಾತ. ಸಮಾರಾಧನೆಗೆ ಅಮ್ಮ ಬಲವಂತ ಮಾಡಿ ಎಳೆದುಕೊಂಡು ಹೋದಳು. ಎಲೆಯ ತುದಿಗೆ ಅದೇ ಮಾವಿನಕಾಯಿ ಉಪ್ಪಿನಕಾಯಿ ಬಿತ್ತು. ನನಗೆ ಅದನ್ನು ಕಂಡರೇ ಮೈಯೆಲ್ಲ ಉರಿ.

ಊಟವಾದ ಮೇಲೆ ಸರ್ ಹೆಂಡತಿ ಸಾವಿತ್ರಮ್ಮನವರು ನನ್ನನ್ನು ಅಡುಗೆಮನೆಗೆ ಕರೆದರು. ದುಂಡು ಮುಖ, ಮಾತು ಕಡಿಮೆ. ಇಷ್ಟು ವರ್ಷದಲ್ಲಿ ಅವರ ಜೊತೆ ಎರಡು ಮಾತಿಗಿಂತ ಹೆಚ್ಚು ಆಡಿದವಳಲ್ಲ ನಾನು.

"ಉಪ್ಪಿನಕಾಯಿ ಎಲೇಲೇ ಬಿಟ್ಟೆಯಲ್ಲೇ ನಳಿನಿ. ಚೆನ್ನಾಗಿಲ್ವಾ?"

ಸಾವಿನ ಮನೆ, ಸುಮ್ಮನಿರಬೇಕಿತ್ತು. ಆಗಲಿಲ್ಲ. "ಆಂಟಿ, ನಿಮ್ಮ ಉಪ್ಪಿನಕಾಯಿಯಿಂದ ನನ್ನ ಕೆಲಸ ಹಾಳಾಯ್ತು," ಅಂದುಬಿಟ್ಟೆ. ಒಳಗೆ ಹೊರಗೆ, ಮಡಿ, ಜಾಡಿ, ಕುಕ್ಕರು, ಎಲ್ಲ ಹೇಳಿದೆ.

ಸಾವಿತ್ರಮ್ಮನವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು.

"ಮಡೀನಾ? ಅಯ್ಯೋ ಹುಚ್ಚಿ. ಮಾವಿನಕಾಯಿ ಮಾರ್ಕೆಟ್ಟಿಗೆ ನನ್ನ ದಿನ ಕೇಳ್ಕೊಂಡು ಬರತ್ತಾ? ಬಂದಾಗ ಹಾಕೋದಪ್ಪ. ಎಷ್ಟೋ ಸಲ ಆ ದಿನಾನೇ ಹಾಕಿದೀನಿ."

"ಮತ್ತೆ ಸರ್? ನೀವು ಹೊಸಿಲೂ ದಾಟಲ್ಲ ಅಂತಿದ್ರಲ್ಲ!"

"ದಾಟ್ತಿರ್ಲಿಲ್ಲ, ನನಗೆ ಬೇಕಾದಾಗ. ಸೊಂಟ ಹಿಡ್ಕೊಂಡಾಗ, ಸುಸ್ತಾದಾಗ, 'ಹೊರಗೆ' ಅಂತಿದ್ದೆ. ಗ್ಯಾಲರೀಲಿ ಕೂತು ಕತೆ ಪುಸ್ತಕ ಓದ್ತಿದ್ದೆ. ಅವರೇ ಅನ್ನ ಸಾರು ಮಾಡಿ ದೂರದಿಂದ ಬಡಿಸ್ತಿದ್ರು. ಇಡೀ ಸಂಸಾರದಲ್ಲಿ ನನಗೆ ಸಿಕ್ಕಿದ್ದು ಅದೊಂದೇ ರಜಾ ಕಣೆ."

ನನಗೆ ನಗು ಒತ್ತರಿಸಿ ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. ಈಕೆ ಒಂದೇ ಒಂದು ಸಲ ಬಾಯಿ ಬಿಟ್ಟಿದ್ದರೆ! "ಒಂದ್ಸಲ ಅವರಿಗೆ ಹೇಳಬಾರದಿತ್ತಾ ಆಂಟಿ?"

"ಹೇಳಿದ್ರೆ ನಂಬ್ತಿದ್ರಾ? ನಿನ್ನ ಗುಂಡನ್ನ ಅವರೇ ಕೈಯಾರೆ ಬೆಳೆಸಿ, ಕಣ್ಣಾರೆ ನೋಡಿದ್ರಲ್ಲ. ನಂಬಿದ್ರಾ?"

ಅವರು ಒಂದು ಬಾಟಲಿಗೆ ಉಪ್ಪಿನಕಾಯಿ ತುಂಬಿ, ಬಾಯಿಗೆ ಪ್ಲಾಸ್ಟಿಕ್ಕು ಕಟ್ಟಿ, ನನ್ನ ಕೈಗಿಟ್ಟರು. ಮನೆಗೆ ಬಂದು ಮೊಸರನ್ನಕ್ಕೆ ಹಾಕಿಕೊಂಡು, ತಟ್ಟೆ ನೆಕ್ಕಿ ತಿಂದೆ.

ಸಂಘದವರೇ, ನಾಲ್ಕು ಒಳ್ಳೇ ಮಾತು ಕೇಳಿದ್ದಿರಿ. ಒಂದನ್ನು ಮೇಲೆಯೇ ಕೊಟ್ಟಿದ್ದೇನೆ. ಎರಡನೆಯದು, ಅವರ ಮನೆಯ ಉಪ್ಪಿನಕಾಯಿ ನಿಜವಾಗಿಯೂ ಬಹಳ ಚೆನ್ನಾಗಿತ್ತು. ಅದಕ್ಕೂ ಸರ್‌ಗೂ ಏನೂ ಸಂಬಂಧವಿಲ್ಲ.